ನಮ್ಮ ತಾತನ 1918ರ ಬೆಳ್ಳಿ ರೂಪಾಯಿಯನ್ನು ಅಂಗಡಿಯವರು ‘ವಿಎಫ್’ ಅಂದರು. ಹಾಗಂದರೇನು? ಆನೆ ಇರುವ ತಾಮ್ರದ ಕಾಸೂ ಒಂದಿದೆ. ತೊಳೆದು ತೋರಿಸಿದರೆ ಬೆಲೆ ಜಾಸ್ತಿ ಸಿಗುತ್ತಾ?

ಮೊದಲು ಕೊನೆಯ ಪ್ರಶ್ನೆ. ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ. ನಮ್ಮ ಮೈಸೂರಿನ ಮನೆಗಳಲ್ಲಿ ಹಬ್ಬ ಬಂತೆಂದರೆ ದೀಪದ ಕಂಬಗಳ ಜೊತೆ ಪೂಜೆಯ ಬೆಳ್ಳಿ ರೂಪಾಯಿಗೂ ಉಜ್ಜಾಟ ತಪ್ಪಿದ್ದಲ್ಲ. ಲಕ್ಷ್ಮಿಗೆ ಖುಷಿಯಾಗಬಹುದು, ಕೊಳ್ಳುವವರಿಗೆ ಆಗುವುದಿಲ್ಲ. ಉಜ್ಜಿದ ನಾಣ್ಯದ ಮೈಮೇಲೆ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದರೆ ತಕ್ಷಣ ಸಿಕ್ಕಿಬೀಳುತ್ತವೆ.

ದರ್ಜೆ ಕಟ್ಟುವವರು ನೋಡುವುದು ಮುಖ್ಯವಾಗಿ ಸವೆತ. ಕೊಳೆ ಎಷ್ಟಿದೆ, ನಾಣ್ಯ ಎಷ್ಟು ಹಳೆಯದು ಅನ್ನುವುದು ಆಮೇಲಿನ ಮಾತು. ಕೈಯಿಂದ ಕೈಗೆ ಓಡಾಡಿದಾಗ ಉಬ್ಬಿದ ಜಾಗಗಳೇ ಮೊದಲು ಸವೆಯುತ್ತವೆ. ನಿಮ್ಮದು ಐದನೇ ಜಾರ್ಜ್ ರೂಪಾಯಿ. ಟೇಬಲ್ ಲೈಟ್ ಕೆಳಗೆ ಅಂಚಿನಲ್ಲಿ ಹಿಡಿದು ನಿಧಾನಕ್ಕೆ ಓರೆ ಮಾಡಿ. ಕೆನ್ನೆ, ಹುಬ್ಬು, ಕಿರೀಟದ ಕುಸುರಿ ನೋಡಿ. ಆಮೇಲೆ ಎದೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ. 1911ರಲ್ಲಿ ಈ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿ, ಮರುವರ್ಷ ತಿದ್ದಬೇಕಾಯಿತು! ಆ ಆನೆಯೂ ನಿಲುವಂಗಿಯ ಕಸೂತಿಯೂ ಬಹುಪಾಲು ಚೂಪಾಗಿದ್ದು, ಉಬ್ಬಿನ ತುದಿಗಳು ಮಾತ್ರ ತುಸು ಮಾಸಿದ್ದರೆ ಎಕ್ಸ್‌ಎಫ್, ಅಂದರೆ ಎಕ್ಸ್‌ಟ್ರೀಮ್ಲಿ ಫೈನ್. ದೊಡ್ಡ ಗೆರೆಗಳು ನಿಂತು, ಸಣ್ಣ ಕುಸುರಿ ಅಲ್ಲಲ್ಲಿ ಚಪ್ಪಟೆಯಾಗಿದ್ದರೆ ವಿಎಫ್, ಅಂದರೆ ವೆರಿ ಫೈನ್. ಕೆಳಕ್ಕೆ ಎಫ್ (ಫೈನ್), ವಿಜಿ (ವೆರಿ ಗುಡ್), ಜಿ (ಗುಡ್). ಜಿ ತಲುಪುವಷ್ಟರಲ್ಲಿ ಮುಖದ ಆಕಾರ ಬಿಟ್ಟು ಹೆಚ್ಚೇನೂ ಉಳಿದಿರುವುದಿಲ್ಲ. ಎಲ್ಲಕ್ಕಿಂತ ಮೇಲೆ ಯುಎನ್‌ಸಿ, ಅಂದರೆ ಅನ್‌ಸರ್ಕ್ಯುಲೇಟೆಡ್, ಚಲಾವಣೆಗೇ ಹೋಗದ್ದು. ಅದನ್ನು ಓರೆ ಮಾಡಿದರೆ ಟಂಕಸಾಲೆಯ ಹೊಳಪು ಮೈಮೇಲೆ ಗಿರ್ರನೆ ತಿರುಗುತ್ತದೆ. ಉಜ್ಜಿದ ಹೊಳಪಿಗೆ ಆ ಆಟ ಬರುವುದಿಲ್ಲ.

ದರ್ಜೆಗೆ 70ಕ್ಕೆ ಇಷ್ಟು ಅಂತ ಕೊಡುವ ಅಂಕಗಳನ್ನೂ ಕೇಳಿರಬಹುದು. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಅಲ್ಲಿನ ತಾಮ್ರದ ಸೆಂಟುಗಳಿಗೆ ಮಾಡಿಕೊಂಡ ಲೆಕ್ಕ ಅದು. ಈಗ ಎಲ್ಲ ನಾಣ್ಯಕ್ಕೂ ಹಚ್ಚುತ್ತಾರೆ. 60ರಿಂದ ಮೇಲೆ ಯುಎನ್‌ಸಿ. ವಿಎಫ್ ಸುಮಾರು 20ರಿಂದ 35.

1918ರ ರೂಪಾಯಿಗಳನ್ನು ಕಲ್ಕತ್ತಾ, ಬಾಂಬೆ ಎರಡೂ ಕಡೆ ರಾಶಿ ರಾಶಿ ಅಚ್ಚು ಹಾಕಿದ್ದರು. ಹಾಗಾಗಿ ವಿಎಫ್‌ನಲ್ಲಿ ಅಪರೂಪ ಏನಲ್ಲ. ಅಂಗಡಿಯವರು ನಿಮಗೆ ಮೋಸ ಮಾಡಿದ ಹಾಗೆ ನನಗೆ ಕಾಣುವುದಿಲ್ಲ.

ಆನೆ ಕಾಸಿನ ಕಥೆ ಬೇರೆ. ಟಿಪ್ಪುವಿನ ಶ್ರೀರಂಗಪಟ್ಟಣದ ನಾಣ್ಯವಾದರೆ ಹಿಂಬದಿಗೆ ಪಾರ್ಸಿಯಲ್ಲಿ ‘ಪಟ್ಟನ್’ ಅಂತ, ಅಂದರೆ ಆ ಊರಿನ ಹೆಸರು, ಇರುತ್ತದೆ. ಇವನ್ನು ಸುತ್ತಿಗೆ ಏಟಿನಲ್ಲಿ ಅಚ್ಚು ಹಾಕುತ್ತಿದ್ದರು. ಅಚ್ಚು ಪಕ್ಕಕ್ಕೆ ಜಾರಿ ಆನೆಯ ಕಾಲೋ ಸೊಂಡಿಲೋ ನಾಣ್ಯದ ಆಚೆಗೇ ಹೋಗಿರಬಹುದು. ಅದು ಸವೆತ ಅಲ್ಲ. ಏಟು ಸರಿಯಾಗಿ ಬೀಳದ ಕಡೆ ಮೊದಲ ದಿನದಿಂದಲೇ ಮಸುಕು. ಅದಕ್ಕೇ ಇಂಥ ನಾಣ್ಯಕ್ಕೆ ಬರೀ ವಿಎಫ್ ಅಂದರೆ ಸಾಲದು. ಅಚ್ಚು ನಡುವೆ ಬಿದ್ದಿದೆಯಾ, ಇಸವಿ ಪೂರ್ತಿ ಇದೆಯಾ ಅಂತಲೂ ಕೇಳಬೇಕು. ನನ್ನ ಪ್ರಕಾರ ಪೂರ್ತಿ ಆನೆ, ಓದಲು ಬರುವ ಇಸವಿ ಇರುವ ಎಫ್ ನಾಣ್ಯವೇ ಅರ್ಧ ಆನೆಯ ಎಕ್ಸ್‌ಎಫ್‌ಗಿಂತ ಮೇಲು. ಮೇಲಿನ ಕಂದು ಪದರವನ್ನು ಮುಟ್ಟಬೇಡಿ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ಲೋಹ ತಿನ್ನುವ ರೋಗ. ಆ ಕಾಸನ್ನು ಉಳಿದವುಗಳಿಂದ ದೂರ ಇಟ್ಟು, ಗೊತ್ತಿರುವವರಿಗೆ ಬೇಗ ತೋರಿಸಿ.