ಆಪ್ತಸಲಹೆ ಪ್ರಕರಣ: ಕೇಳಬಾರದೆಂದು ಹೊತ್ತ ಭಾರ

ಕೊಪ್ಪಳದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಸಹೋದ್ಯೋಗಿಗಳೊಂದಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಹೋಗಿ 4 ದಿನ ಇದ್ದು ಬರಬೇಕಿತ್ತು. ಗುರುತು ಸಿಗದಂತೆ ಅವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರು ನೋಡುವ ಆಸೆ ಅವರಿಗೂ ಇತ್ತು. ಆದರೆ ಹಿಂದಿನ ಪ್ರವಾಸದಲ್ಲಿ ಎರಡು ದೊಡ್ಡ ಚೀಲ ಹೊತ್ತು, ಮೂರನೆಯ ದಿನಕ್ಕೇ ಯಾರ ಮಾತೂ ಬೇಡವೆನ್ನಿಸಿ, ತನ್ನಲ್ಲೇ ಏನೋ ದೋಷವಿದೆ ಎಂದುಕೊಂಡು ಮರಳಿದ್ದರು.

ದೋಷವಿಲ್ಲವೆಂದು ಮೊದಲು ಹೇಳಬೇಕಾಯಿತು. ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವನ್ನು ವಿವರಿಸಿದಾಗಲೂ ಅದನ್ನು ಸ್ವಭಾವವೆಂದೇ ಕಂಡರು, ಕಾಯಿಲೆಯೆಂದಲ್ಲ. ಜನರೆದುರು ಎದೆಬಡಿತ, ನಡುಕ, ಭಯ ಇದ್ದಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ, ಅಂಥದ್ದೇನೂ ಇರಲಿಲ್ಲ.

ಎರಡನೆಯ ಭೇಟಿಗೆ ಕಟ್ಟಿದ ಚೀಲವನ್ನೇ ತರಲು ಹೇಳಿ, ಒಂದೊಂದೇ ವಸ್ತುವನ್ನು ಹೊರತೆಗೆಸಿ, ಇದು ಏಕೆ ಎಂದು ಕೇಳುತ್ತ ಹೋದೆ. ಎರಡು ಚಾರ್ಜರ್, ಸೂಜಿದಾರ, ಎಂಟು ಜೊತೆ ಬಟ್ಟೆ, ಎರಡು ಹೊದಿಕೆ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಹುತೇಕ ಎಲ್ಲಕ್ಕೂ ಒಂದೇ ಉತ್ತರ ಬಂತು: "ಮಂದಿ ಹತ್ರ ಕೇಳೂ ಪ್ರಸಂಗ ಬರಬಾರದ್ರೀ ಮೇಡಂ."

ಸ್ಲೀಪರ್ ದರ್ಜೆಯಲ್ಲಿ 40 ಕಿಲೋವರೆಗೆ ಉಚಿತವಾಗಿ ಒಯ್ಯಬಹುದಾದ್ದರಿಂದ ನಿಯಮದ ತೊಡಕಿರಲಿಲ್ಲ. ಆದರೆ ಅಷ್ಟು ದೊಡ್ಡ ಚೀಲವನ್ನು ಸೀಟಿನ ಕೆಳಗೆ ತಳ್ಳಲು ಕುಳಿತವರನ್ನು ಕಾಲು ಸರಿಸಿರೆಂದು ಬೇಡಬೇಕು, ಬೋಗಿಗೆ ಏರಿಸಲು ಯಾರದೋ ನೆರವು ಕೇಳಬೇಕು, ಇಳಿಯುವಾಗ ಮತ್ತೆ ಅದೇ ಪಾಡು. ಮಾತು ತಪ್ಪಿಸಲೆಂದು ಹೊತ್ತ ಭಾರವೇ ಹೆಚ್ಚು ಮಾತಿಗೆ ಎಳೆಯುತ್ತಿತ್ತು. ಇದನ್ನು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತು ಚೀಲವನ್ನೇ ನೋಡುತ್ತ ಕುಳಿತು ಅವರೇ ಹೇಳಿದರು.

ಮೇಲಿನ ಬರ್ತ್‌ನಲ್ಲಿ ತಲೆದೆಸೆಗೆ ಇಟ್ಟುಕೊಳ್ಳಬಹುದಾದ ಒಂದೇ ಬೆನ್ನುಚೀಲ, ರಾತ್ರಿ ಒಗೆದರೆ ಬೆಳಗಿಗೆ ಒಣಗುವ ಮೂರು ಜೊತೆ ಬಟ್ಟೆ ಸಾಕೆಂದು ನಿರ್ಧರಿಸಿದೆವು. ಪುಸ್ತಕವನ್ನೂ ಇಯರ್‌ಫೋನನ್ನೂ ಬಿಡಬೇಡಿ ಎಂದು ಒತ್ತಿ ಹೇಳಿದೆ. ಅಂತರ್ಮುಖಿಗಳಿಗೆ ಅವು ಹೆಚ್ಚುವರಿ ಸಾಮಾನಲ್ಲ. ರೊಟ್ಟಿಯನ್ನು ಕಡಿಮೆ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಮೊದಲ ರಾತ್ರಿಯೇ ಹಂಚಿದರೆ ಗಂಟು ಹಗುರವಾಗುತ್ತದೆ, ಮತ್ತು ರೊಟ್ಟಿ ಹಂಚುವುದಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ. ದಿನಕ್ಕೆ ಒಂದು ತಾಸು ಒಬ್ಬಳೇ ಇರುತ್ತೇನೆಂದು ಕೊಠಡಿಯ ಜೊತೆಗಾತಿಗೆ ಹೊರಡುವ ಮೊದಲೇ ತಿಳಿಸಬೇಕೆಂದೂ ಸೂಚಿಸಿದೆ, ಏಕೆಂದರೆ ದಣಿದ ಮೇಲೆ ಹೇಳಿದ ಅದೇ ಮಾತು ಸಿಟ್ಟಿನಂತೆ ಕೇಳಿಸುತ್ತದೆ.

ಮೂರನೆಯ ದಿನ ದಣಿವು ಬಂದೇ ಬಂತು. ಅವರು ಚಾಮುಂಡಿ ಬೆಟ್ಟಕ್ಕೆ ಹೋಗದೆ ಕೊಠಡಿಯಲ್ಲಿ ಉಳಿದರು, ಜೊತೆಗಾತಿ ಕಾರಣ ಕೇಳಲಿಲ್ಲ. ಮರಳುವ ದಾರಿಯಲ್ಲಿ ಒಯ್ದಿದ್ದ ಒಂದೇ ಚಾರ್ಜರ್ ಕೆಟ್ಟಿತಂತೆ. ಎದುರಿನ ಬರ್ತ್‌ನ ಅಪರಿಚಿತರನ್ನು "ಅಕ್ಕಾರ, ಚಾರ್ಜರ್ ಸ್ವಲ್ಪ ಕೊಡ್ತೀರೇನ್ರೀ?" ಎಂದು ಕೇಳಿದ್ದಾಗಿ ತಿಳಿಸಿದರು.