ಡಚ್ ಥ್ರಿಲ್ಲರ್ ‘ಸ್ಪೋರ್‌ಲೋಸ್’ ಅನ್ನು ಅದೇ ನಿರ್ದೇಶಕ ಹಾಲಿವುಡ್‌ನಲ್ಲಿ ರೀಮೇಕ್ ಮಾಡಿದರೂ ಯಾಕೆ ಸಪ್ಪೆಯಾಯಿತು?

ಕ್ಲೈಮ್ಯಾಕ್ಸ್ ಬದಲಾಯಿಸಿದ್ದೇ ಮುಖ್ಯ ಕಾರಣ. (ಎರಡನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಕಥೆ ಪೂರ್ತಿ ಹೇಳಿಬಿಡ್ತೀನಿ.)

ಜಾರ್ಜ್ ಸ್ಲೌಜರ್ 1988ರಲ್ಲಿ ತೆಗೆದ ಮೂಲ ಚಿತ್ರದಲ್ಲಿ, ಫ್ರಾನ್ಸಿನ ಪೆಟ್ರೋಲ್ ಬಂಕ್ ಒಂದರಲ್ಲಿ ಸಾಸ್ಕಿಯಾ ಕುಡಿಯಲು ಏನಾದರೂ ತರುತ್ತೇನೆಂದು ಹೋದವಳು ವಾಪಸ್ ಬರುವುದೇ ಇಲ್ಲ. ಅವಳ ಗೆಳೆಯ ರೆಕ್ಸ್ ಮೂರು ವರ್ಷ ಹುಡುಕುತ್ತಾನೆ. ಕೊನೆಗೆ ಅಪಹರಿಸಿದವನೇ ಎದುರು ಬಂದು, ‘ಈ ಕಾಫಿ ಕುಡಿ, ಅವಳಿಗೆ ಆಗಿದ್ದೇ ನಿನಗೂ ಆಗುತ್ತೆ, ಆಗ ಗೊತ್ತಾಗುತ್ತೆ’ ಅನ್ನುತ್ತಾನೆ. ಕಾಫಿಯಲ್ಲಿ ಮತ್ತಿನ ಔಷಧಿ ಇದೆ ಅಂತ ಗೊತ್ತಿದ್ದೂ ರೆಕ್ಸ್ ಕುಡಿಯುತ್ತಾನೆ. ಎಚ್ಚರವಾದಾಗ ಮಣ್ಣಿನಡಿ ಪೆಟ್ಟಿಗೆಯಲ್ಲಿ ಜೀವಂತ ಹೂತಿರುತ್ತಾನೆ. ಯಾರೂ ಬಂದು ಕಾಪಾಡುವುದಿಲ್ಲ.

1993ರ ‘ದಿ ವ್ಯಾನಿಷಿಂಗ್’ನಲ್ಲಿ ನಾಯಕನ ಹೊಸ ಗೆಳತಿ ಬಂದು ಅವನನ್ನು ಉಳಿಸುತ್ತಾಳೆ. ಹೊಡೆದಾಟ ನಡೆದು ವಿಲನ್ ಸಾಯುತ್ತಾನೆ. ಆಮೇಲೆ ಕಾಫಿ ಮೇಲೊಂದು ಜೋಕ್ ಬೇರೆ! ತಿಳಿಯಲೇಬೇಕೆಂಬ ಹಟಕ್ಕೆ ಜೀವವನ್ನೇ ಕೊಡುವವನ ಕಥೆ, ಸುಮ್ನೆ ಒಂದು ರಕ್ಷಣಾ ಕಾರ್ಯಾಚರಣೆ ಆಗಿಹೋಯಿತು.

ವಿಲನ್ ಪಾತ್ರವೂ ಅಷ್ಟೇ. ಮೂಲದಲ್ಲಿ ಅವನು ಹೆಂಡತಿ, ಹೆಣ್ಣುಮಕ್ಕಳಿರುವ ಕೆಮಿಸ್ಟ್ರಿ ಮೇಷ್ಟ್ರು. ಖಾಲಿ ಕಾರಿನಲ್ಲಿ ಕೂತು, ಪಕ್ಕದ ಸೀಟಿನಲ್ಲಿ ಹೆಂಗಸು ಇದ್ದಾಳೆಂಬಂತೆ ಕರ್ಚೀಫ್ ಒತ್ತುವುದನ್ನು ಅಭ್ಯಾಸ ಮಾಡುತ್ತಾನೆ. ಆಮೇಲೆ ತನ್ನ ನಾಡಿಮಿಡಿತ ಲೆಕ್ಕ ಹಾಕಿಕೊಳ್ಳುತ್ತಾನೆ. ಅಷ್ಟು ಮಾಮೂಲಿ ಮನುಷ್ಯ, ಅದಕ್ಕೇ ಭಯ ಜಾಸ್ತಿ. ರೀಮೇಕ್‌ನಲ್ಲಿ ಜೆಫ್ ಬ್ರಿಜಸ್ ಒಳ್ಳೆ ನಟನೇ, ಆದರೆ ಆ ವಿಚಿತ್ರ ಮಾತಿನ ಧಾಟಿ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ?