ರೋಲ್‌ಬ್ಯಾಕ್ ಆದ ಮೇಲೂ ಉಳಿಯುವ ಸಾಲುಗಳು

ಪ್ರಶ್ನೆ: ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋದ ಓಆರ್‌ಎಂ (ಕೋಡ್‌ನ ಮಾಡೆಲ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಪದರ) ಬಳಸಿ ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್‌ನ ಮೇಲೆ ನಡೆಯುವ ಆರ್ಡರ್ ವ್ಯವಸ್ಥೆಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಡೇಟಾ ಬಹಳ ಹಳೆಯ ಸರ್ವರ್‌ನಿಂದ ಡಂಪ್ (ಡೇಟಾಬೇಸನ್ನು ಎಸ್‌ಕ್ಯೂಎಲ್ ಆದೇಶಗಳಾಗಿ ಬರೆದಿಟ್ಟ ಕಡತ) ಮೂಲಕ ಬಂದದ್ದು. ಕೋಡ್ ‘ಅಟಾಮಿಕ್’ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎನ್ನುವ) ಬ್ಲಾಕ್‌ನೊಳಗೇ ಇದ್ದರೂ, ನಡುವೆ ದೋಷ ಬಂದಾಗ ಅರ್ಧ ಸಾಲುಗಳು ಟೇಬಲ್‌ನಲ್ಲಿ ಉಳಿದುಬಿಡುತ್ತವೆ. ಟೆಸ್ಟ್‌ಗಳೆಲ್ಲ ಪಾಸಾಗುತ್ತವೆ. ಟೇಬಲ್‌ನ ಡೇಟಾವನ್ನು ಸಂಗ್ರಹಿಸಿ ನಿರ್ವಹಿಸುವ ಸ್ಟೋರೇಜ್ ಎಂಜಿನ್ ಅನ್ನು ಮಾಡೆಲ್‌ನಲ್ಲಿ ಎಲ್ಲಿ ನಮೂದಿಸಬೇಕು?

ಉತ್ತರ: ನಿಮ್ಮ ಕೋಡ್‌ಗಿಂತ ಮೊದಲು ಟೇಬಲ್‌ಗಳನ್ನೇ ಅನುಮಾನಿಸಬೇಕು, ಅವು ಇನ್ನೂ ಮೈಐಸ್ಯಾಮ್ ಎಂಬ ಹಳೆಯ ಎಂಜಿನ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಮೈಎಸ್‌ಕ್ಯೂಎಲ್ 5.5ರಿಂದ ಇನ್ನೋಡಿಬಿಯೇ ಡಿಫಾಲ್ಟ್ ಎಂಜಿನ್ ಆಗಿದ್ದರೂ, ಡಂಪ್ ಕಡತದಲ್ಲಿ ಪ್ರತಿಯೊಂದು ಟೇಬಲ್‌ನ ರಚನೆಯ ಜೊತೆಗೆ ಅದರ ಹಳೆಯ ಎಂಜಿನ್‌ನ ಹೆಸರೂ ಬರೆದಿರುವುದರಿಂದ, ಹೊಸ ಸರ್ವರ್ ಅದನ್ನೇ ಪಾಲಿಸುತ್ತದೆ. ಮೈಐಸ್ಯಾಮ್‌ನಲ್ಲಿ ಟ್ರಾನ್ಸಾಕ್ಷನ್ (ಹಲವು ಬದಲಾವಣೆಗಳನ್ನು ಒಟ್ಟಾಗಿ ಉಳಿಸುವ ಇಲ್ಲವೇ ಒಟ್ಟಾಗಿ ರದ್ದು ಮಾಡುವ ವ್ಯವಸ್ಥೆ) ಇಲ್ಲ. ಓಆರ್‌ಎಂ ಕಳಿಸಿದ ರೋಲ್‌ಬ್ಯಾಕ್ (ಮಾಡಿದ ಬದಲಾವಣೆಗಳನ್ನು ರದ್ದು ಮಾಡುವ) ಆದೇಶವನ್ನು ಸರ್ವರ್ ತಕರಾರಿಲ್ಲದೆ ಸ್ವೀಕರಿಸಿ, 1196ನೇ ಸಂಖ್ಯೆಯ ಎಚ್ಚರಿಕೆಯೊಂದನ್ನು ಕೊಟ್ಟು ಸುಮ್ಮನಾಗುತ್ತದೆ. ಆ ಎಚ್ಚರಿಕೆಯನ್ನು ಓದುವವರು ವಿರಳ. ಟೆಸ್ಟ್‌ಗಳು ಪಾಸಾಗುವುದರಲ್ಲೂ ಆಶ್ಚರ್ಯವಿಲ್ಲ, ಏಕೆಂದರೆ ಟೆಸ್ಟ್ ಡೇಟಾಬೇಸನ್ನು ಜಾಂಗೋ ಪ್ರತಿ ಸಲ ಮೈಗ್ರೇಷನ್‌ಗಳಿಂದ (ಟೇಬಲ್ ರಚನೆಯ ಬದಲಾವಣೆಗಳನ್ನು ಬರೆದಿಟ್ಟ ಕಡತಗಳಿಂದ) ಹೊಸದಾಗಿ ಕಟ್ಟುವುದರಿಂದ ಅಲ್ಲಿನ ಟೇಬಲ್‌ಗಳೆಲ್ಲ ಟ್ರಾನ್ಸಾಕ್ಷನ್ ಇರುವ ಇನ್ನೋಡಿಬಿಯಲ್ಲೇ ಹುಟ್ಟುತ್ತವೆ.

ಪೈಥಾನ್‌ನ ಇನ್ನೊಂದು ಓಆರ್‌ಎಂ ಆದ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಟೇಬಲ್‌ನ ವಿವರಣೆಯಲ್ಲೇ ಎಂಜಿನ್ ಹೇಳಬಹುದು. ಜಾಂಗೋದ ಮಾಡೆಲ್‌ನಲ್ಲಿ ಅಂಥ ಜಾಗವಿಲ್ಲ. ಡೇಟಾಬೇಸ್ ಸೆಟ್ಟಿಂಗ್‌ನ ‘ಆಪ್ಷನ್ಸ್’ ಭಾಗದಲ್ಲಿ ‘ಇನಿಟ್ ಕಮಾಂಡ್’ (ಸಂಪರ್ಕ ಆರಂಭವಾದಾಗ ನಡೆಯುವ ಆದೇಶ) ಮೂಲಕ ‘ಡಿಫಾಲ್ಟ್ ಸ್ಟೋರೇಜ್ ಎಂಜಿನ್’ ಎಂಬ ಸರ್ವರ್ ವೇರಿಯಬಲ್‌ಗೆ ಇನ್ನೋಡಿಬಿ ಎಂದು ಕೊಡಬಹುದು. ಆದರೆ ನಿಮ್ಮ ತೊಂದರೆಗೆ ಇದು ಮದ್ದಲ್ಲ. ಎಂಜಿನ್ ಎನ್ನುವುದು ಸಂಪರ್ಕದ ಗುಣವೂ ಅಲ್ಲ, ಮಾಡೆಲ್‌ನ ಗುಣವೂ ಅಲ್ಲ, ಟೇಬಲ್‌ನದ್ದು; ಸೆಟ್ಟಿಂಗ್ ಬದಲಿಸಿದರೆ ಮುಂದೆ ಹುಟ್ಟುವ ಟೇಬಲ್‌ಗಳಿಗಷ್ಟೇ ಅದು ಅನ್ವಯಿಸುತ್ತದೆ.

ಆದ್ದರಿಂದ ಮೊದಲು, ಟೇಬಲ್‌ಗಳ ವಿವರ ಇರುವ ‘ಇನ್ಫರ್ಮೇಷನ್ ಸ್ಕೀಮಾ’ದ ‘ಟೇಬಲ್ಸ್’ ನೋಟದಲ್ಲಿ ‘ಎಂಜಿನ್’ ಕಾಲಂ ಓದಿ ಯಾವ ಟೇಬಲ್‌ಗಳು ಹಳೆಯವು ಎಂದು ಗುರುತಿಸಿರಿ. ಬ್ಯಾಕಪ್ ತೆಗೆದ ಬಳಿಕ, ಅವುಗಳ ಎಂಜಿನ್ ಅನ್ನು ಇನ್ನೋಡಿಬಿಗೆ ಬದಲಿಸುವ ‘ಆಲ್ಟರ್ ಟೇಬಲ್’ ಆದೇಶವನ್ನು ‘ರನ್‌ಎಸ್‌ಕ್ಯೂಎಲ್’ (ನೇರ ಎಸ್‌ಕ್ಯೂಎಲ್ ನಡೆಸುವ) ಮೈಗ್ರೇಷನ್ ಆಗಿ ಬರೆಯುವುದು ಒಳ್ಳೆಯದು. ಈ ಬದಲಾವಣೆಯಲ್ಲಿ ಇಡೀ ಟೇಬಲ್ ಮರುರಚನೆಯಾಗುವುದರಿಂದ, ದೊಡ್ಡ ಟೇಬಲ್‌ಗೆ ಸಾಕಷ್ಟು ಸಮಯವೂ ಡಿಸ್ಕ್ ಜಾಗವೂ ಬೇಕು, ಮುಗಿಯುವ ತನಕ ಅದಕ್ಕೆ ಬರೆಯಲು ಬರುವುದಿಲ್ಲ.

ಇನ್ನೊಂದು ತೊಡಕನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಮೈಐಸ್ಯಾಮ್ ಫಾರಿನ್ ಕೀ (ಒಂದು ಟೇಬಲ್‌ನ ಸಾಲು ಇನ್ನೊಂದರಲ್ಲಿ ನಿಜವಾಗಿ ಇರುವ ಸಾಲಿಗೇ ಸಂಬಂಧಿಸಿರಬೇಕೆಂಬ ನಿಯಮ) ಆದೇಶವನ್ನು ಓದಿ, ದೋಷ ತೋರಿಸದೆ ಕೈಬಿಡುತ್ತದೆ. ಹೀಗಾಗಿ ಎಂಜಿನ್ ಬದಲಾದ ಮಾತ್ರಕ್ಕೆ ಫಾರಿನ್ ಕೀಗಳು ತಾವಾಗಿ ಮೂಡುವುದಿಲ್ಲ, ಮಾಡೆಲ್‌ನಲ್ಲಿ ಬದಲಾವಣೆ ಕಾಣದ ಜಾಂಗೋ ಕೂಡ ಅವುಗಳನ್ನು ಸೇರಿಸಲು ಹೋಗುವುದಿಲ್ಲ. ಎರಡೂ ಬದಿಯ ಟೇಬಲ್‌ಗಳು ಇನ್ನೋಡಿಬಿಗೆ ಬಂದ ನಂತರ, ಆರ್ಡರ್ ಇಲ್ಲದೆ ಅನಾಥವಾಗಿ ಉಳಿದ ಸಾಲುಗಳನ್ನು ಹುಡುಕಿ ತೆಗೆದು, ಕೀಗಳನ್ನು ಕೈಯಾರೆ ಸೇರಿಸಿರಿ. ಅನಾಥ ಸಾಲು ಒಂದೇ ಉಳಿದಿದ್ದರೂ ಸರ್ವರ್ ಒಪ್ಪುವುದಿಲ್ಲ.